ಬಿಸಿ ತಿಳಿಯದ ಕೈ

ಹಾಲಿನ ಲೋಟ ಕೈಗೆ ಬಂದಾಗ ಅದು ಬಿಸಿಯಿದೆಯೋ ಆರಿದೆಯೋ ಅವನಿಗೆ ಗೊತ್ತಾಗಲಿಲ್ಲ. ಬೆರಳುಗಳನ್ನು ಲೋಟದ ಸುತ್ತ ಒತ್ತಿ ಹಿಡಿದ. ಲೋಟ ಕೈಯಲ್ಲಿದೆ ಎಂಬುದು ತಿಳಿಯಿತು, ಅಷ್ಟೇ. ಸಿಸ್ಟರ್ ಆಗಲೇ ಟ್ರಾಲಿ ತಳ್ಳಿಕೊಂಡು ಮುಂದಿನ ಮಂಚಕ್ಕೆ ಹೋಗಿದ್ದರು. ಮಗು ಉಣ್ಣೆಯ ಟೋಪಿಯೊಳಗೆ ಮುಖವಿಟ್ಟುಕೊಂಡು, ಕಣ್ಣು ಅರ್ಧ ತೆರೆದು, ಯಾವುದನ್ನೂ ನೋಡದೆ ಮಲಗಿತ್ತು. ನಿನ್ನೆಯಾಗಿದ್ದರೆ ಯೋಚಿಸದೆ ಲೋಟವನ್ನು ಅದರ ತುಟಿಗೆ ಹಿಡಿಯುತ್ತಿದ್ದ. ಇವತ್ತು ಅದನ್ನು ಪಕ್ಕದ ಮಂಚದ ಅಜ್ಜಿಯ ಕಡೆ ಚಾಚಿ, ಬಿಸಿ ಹೆಚ್ಚಾಯಿತಾ ಸ್ವಲ್ಪ ನೋಡಿ ಎಂದು ಕೇಳಿದ. ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ ಆ ಅಜ್ಜಿಗೆ ಬಾಯಿ ಸುಮ್ಮನಿರುವುದಿಲ್ಲ. ಇಡೀ ಕಾರ್ಖಾನೆಗೆ ಬೇಯಿಸಿ ಹಾಕುವವನು ಹಲ್ಲಿಲ್ಲದ ಮುದುಕಿಯನ್ನು ಕೇಳುವ ಕಾಲ ಬಂತಲ್ಲಪ್ಪಾ ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿ, ಕಿರುಬೆರಳಿನಿಂದ ಲೋಟ ಮುಟ್ಟಿ, ಉಗುರುಬೆಚ್ಚಗಿದೆ ಕುಡಿಸು ಎಂದರು. ಎದುರು ಮಂಚಗಳ ತಾಯಂದಿರು ನಕ್ಕರು. ಅವನೂ ನಕ್ಕ. ನಗು ಮುಖದ ಮೇಲೆ ಎಷ್ಟು ಹೊತ್ತು ಇರಬೇಕೆಂದು ತಿಳಿಯದೆ, ಮಗುವನ್ನು ಎತ್ತಿ ಕೂರಿಸುವ ನೆಪದಲ್ಲಿ ಬಗ್ಗಿದ. ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ಬಾಯೊಳಗೆ ಹೋಗುವುದನ್ನೂ, ಅಲ್ಲೇ ನಿಲ್ಲುವುದನ್ನೂ, ಬಹಳ ಹೊತ್ತಿನ ಮೇಲೆ ಗಂಟಲು ಒಮ್ಮೆ ಅಲ್ಲಾಡುವುದನ್ನೂ ನೋಡುತ್ತ ಕೂತ. ಆ ಅಲ್ಲಾಟಕ್ಕೆ ಕಾಯುವುದೇ ಈಗ ಅವನ ಕೆಲಸ. ಲೋಟದಲ್ಲಿದ್ದದ್ದು ಅರ್ಧಕ್ಕಿಂತ ಕಡಿಮೆ, ಅದೂ ನೀರಾದ ಹಾಲು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಂಥದ್ದನ್ನು ಯಾರಿಗಾದರೂ ಕೊಟ್ಟಿದ್ದರೆ ಲೋಟ ಮುಖಕ್ಕೇ ಬರುತ್ತಿತ್ತು.

ನಿನ್ನೆ ಮಧ್ಯಾಹ್ನದವರೆಗೆ ಅವನಿಗೆ ತನ್ನ ಕೈಗಳ ಬಗ್ಗೆ ಹೆಮ್ಮೆಯಿತ್ತು. ವಾರ್ಡಿನ ಮೂಲೆಯಲ್ಲಿ, ಪರದೆಯ ಆಚೆ, ಲೋಟ ಚಮಚಗಳನ್ನು ಕುದಿಸುವ ಜಾಗವಿದೆ. ಸಿಸ್ಟರ್ ಕೈಯಲ್ಲಿ ತಟ್ಟೆ ಹಿಡಿದಿದ್ದರು, ಪಾತ್ರೆ ಉಕ್ಕುತ್ತಿತ್ತು, ಆ ಬಟ್ಟೆ ಹಿಡಿದು ಮುಚ್ಚಳ ತೆಗೀರಿ ಎಂದು ಅವನನ್ನು ಕೂಗಿದರು. ಅವನು ಬಟ್ಟೆ ಹುಡುಕಲಿಲ್ಲ. ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿ, ಎಲ್ಲಿಡಲಿ ಎಂದು ಕೇಳುತ್ತ ನಿಂತ. ಅವರು ಅವನ ಮುಖ ನೋಡಿದರು, ಕೈ ನೋಡಿದರು. "ಸುಡಲ್ವಾ ನಿಮಗೆ?" ಎಂದರು. ಅಭ್ಯಾಸ ಸಿಸ್ಟರ್, ಎಂದ, ಕ್ಯಾಂಟೀನಿಗೆ ಹೊಸಬರು ಬಂದಾಗ ಹೇಳುವ ಅದೇ ದನಿಯಲ್ಲಿ. ಅವರು ತಟ್ಟೆ ಕೆಳಗಿಟ್ಟು ಅವನ ಅಂಗೈ ತಿರುಗಿಸಿ, ಮಗುವಿನ ಪಾದವನ್ನು ಒತ್ತಿ ನೋಡುವ ಹಾಗೆ ಹೆಬ್ಬೆರಳಿನಿಂದ ಒತ್ತಿದರು. ಒಂದು ಪದರ ದಪ್ಪ ಚರ್ಮ, ಹಳದಿಗಟ್ಟಿದ್ದು. ಕೈ ಸತ್ತೇ ಹೋಗಿದೆಯಲ್ರೀ, ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದರು. ಅವರ ಮಾತಿನಲ್ಲಿ ಆಕ್ಷೇಪವೇನೂ ಇರಲಿಲ್ಲ. ಅವರಿಗೆ ಏನೂ ಗೊತ್ತಿರಲೂ ಇಲ್ಲ. ಅವನು ಮಾತ್ರ ಮುಚ್ಚಳ ಹಿಡಿದುಕೊಂಡೇ ಅಲ್ಲಿ ನಿಂತ. ಮನೆಯಲ್ಲಿ ದಿನಾ ಸಂಜೆ ಮಗುವಿನ ಹಣೆಯ ಮೇಲೆ ಇಡುತ್ತಿದ್ದದ್ದು ಈ ಕೈಯೇ. ಆಮೇಲಿನಿಂದ ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡುತ್ತಿದ್ದಾನೆ. ಬಿಸಿಲಿಗೆ ಕಾದ ಕಿಟಕಿಯ ಸರಳು, ನಲ್ಲಿಯ ನೀರು, ಮಂಚದ ಕಬ್ಬಿಣ, ತನ್ನದೇ ಕತ್ತು. ಎಲ್ಲವೂ ಒಂದೇ. ಒಂದೊಂದನ್ನು ಮುಟ್ಟಿದಾಗಲೂ ಒಳಗೆ ಏನೋ ಆಗುತ್ತದೆ ಎಂದು ಕಾದ. ಏನೂ ಆಗಲಿಲ್ಲ. ಹಾಗೆ ಏನೂ ಆಗದಿರುವುದು ಕೈಯಿಂದ ಮೊಣಕೈಗೆ, ಮೊಣಕೈಯಿಂದ ಮೇಲಕ್ಕೆ ಹತ್ತುತ್ತಿದೆ ಎಂದು ಮಾತ್ರ ಅನಿಸಿತು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಮಗುವನ್ನು ಮುಂದಕ್ಕೆ ಚಾಚುತ್ತಿದ್ದಳು. ಸ್ವಲ್ಪ ಕೈ ಇಟ್ಟು ನೋಡಿ, ಎನ್ನುತ್ತಿದ್ದಳು. ಅವನು ಇಡುತ್ತಿದ್ದ. ಏನಿಲ್ಲ, ತಣ್ಣಗಿದೆ, ಎನ್ನುತ್ತಿದ್ದ. ಅಲ್ಲಿಗೆ ಆ ದಿನ ಮುಗಿಯುತ್ತಿತ್ತು. ಭೇದಿಯಾದಾಗಲೂ ಹಾಗೇ, ಮೈಮೇಲೆ ಕೆಂಪಗೆ ಎದ್ದು ಇಳಿದಾಗಲೂ ಹಾಗೇ, ಕೆಮ್ಮು ಶುರುವಾಗಿ ಆಮೇಲೆ ಕೆಮ್ಮುವುದನ್ನೂ ನಿಲ್ಲಿಸಿದಾಗಲೂ ಹಾಗೇ. ಒಂದು ಸಲ ಮಾತ್ರ ಅವಳು, ತುಂಬಾನೇ ತಣ್ಣಗಿದ್ದಾಳೆ ಅನ್ಸಲ್ವೇನ್ರೀ, ಎಂದಿದ್ದಳು. ತಣ್ಣಗಿದ್ದರೆ ಒಳ್ಳೆಯದಲ್ಲವೇನೇ, ಇಲ್ಲದ ಜ್ವರ ಕರೆದು ತರ್ತೀಯಾ, ಎಂದು ಅವನು ಗದರಿಸಿದ್ದ. ಆಮೇಲೆ ಅವಳು ಕೇಳಲಿಲ್ಲ. ಆ ದಿನಗಳಲ್ಲಿ ಮನೆ ತುಂಬ ಸೊಳ್ಳೆ. ಹೊಸದಾಗಿ ಹುಟ್ಟಿದ ಕೂಸಿನ ಮೈಮೇಲೆ, ಹೆಂಡತಿಯ ತೋಳಿನ ಮೇಲೆ ಗುಳ್ಳೆಗಳು. ದೊಡ್ಡವಳಾದ ಈ ಪುಟ್ಟಿಯ ಮೈಮೇಲೆ ಒಂದೂ ಇಲ್ಲ. ಇವಳ ರಕ್ತ ಸೊಳ್ಳೆಗೂ ಬೇಡವಾಯ್ತು ಎಂದು ಅವನು ತಮಾಷೆ ಮಾಡಿದ್ದ, ಹೆಂಡತಿ ಬೆರಳಿನಿಂದ ಮಗುವಿನ ಕೆನ್ನೆ ತಿವಿದು ನಕ್ಕಿದ್ದಳು. ಸೊಳ್ಳೆ ಕಚ್ಚಿರುತ್ತದೆ, ಗುಳ್ಳೆ ಎಬ್ಬಿಸುವುದಕ್ಕೆ ಮೈಗೆ ಆಗುವುದಿಲ್ಲ ಎಂದು ಈಗ ಅವನಿಗೆ ಗೊತ್ತು. ಆಸ್ಪತ್ರೆಗೆ ಬಂದ ಮೇಲೆ ಡಾಕ್ಟರು ಮಗುವಿನ ಮುಂಗೈಯಲ್ಲಿ ಒಂದು ಸಣ್ಣ ಚುಚ್ಚುಮದ್ದು ಕೊಟ್ಟು, ಸುತ್ತ ಪೆನ್ನಿನಿಂದ ದುಂಡಗೆ ಗೆರೆ ಎಳೆದು ಹೋಗಿದ್ದರು. ಅಲ್ಲಿ ಊದಿಕೊಳ್ಳುತ್ತದೆಯೇ ಎಂದು ಅವನು ಕಾದ. ಊದಲಿಲ್ಲ. ಡಾಕ್ಟರು ಬಂದಾಗ, ಏನೂ ಆಗಿಲ್ಲ ಮೇಡಂ, ಕ್ಲೀನಾಗಿದೆ, ಎಂದು ತಾನೇ ಏನೋ ಸಾಧಿಸಿದವನಂತೆ ಮಗುವಿನ ಕೈ ಎತ್ತಿ ತೋರಿಸಿದ. ಅವರು ಆ ಬರಿಯ ಗೆರೆಯನ್ನು ನೋಡಿದರು. ಆಮೇಲೆ ಮೆಲ್ಲಗೆ, ಆಗಬೇಕಿತ್ತು, ಎಂದರು.

ಹಾಲು ಮುಗಿದ ಮೇಲೆ ಅವನು ಅಂಗಿಯ ಗುಂಡಿ ಬಿಚ್ಚಬೇಕು. ಮಗುವನ್ನು ಬಟ್ಟೆಯಿಲ್ಲದ ಎದೆಗೆ ಒರಗಿಸಿ, ಮೇಲೆ ಕಂಬಳಿ ಸುತ್ತಿ, ಗೋಡೆಗೆ ಬೆನ್ನು ಕೊಟ್ಟು ಕೂರಬೇಕು. ತನ್ನ ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ, ನಿಮ್ಮದನ್ನು ಕೊಡಿ ಎಂದು ಸಿಸ್ಟರ್ ಮೊದಲ ದಿನವೇ ಹೇಳಿದ್ದರು. ಇಡೀ ವಾರ್ಡಿನಲ್ಲಿ ಇರುವವನು ಅವನೊಬ್ಬನೇ ಗಂಡಸು. ಹಾಲು ಕುಡಿಯುವ ಕೂಸಿಗೆ ಇಲ್ಲಿನ ಸೋಂಕು ತಗಲಬಾರದೆಂದು ಹೆಂಡತಿಯನ್ನು ಒಳಗೆ ಬಿಡಲಿಲ್ಲ. ಅವಳು ಬಾಗಿಲ ಹೊರಗೆ, ಕೂಸನ್ನು ಸೆರಗಿನಲ್ಲಿಟ್ಟುಕೊಂಡು ನಿಂತು ಮಗಳನ್ನು ಅವನ ಕೈಗೆ ದಾಟಿಸಿದಳು. ಮೊದಲ ದಿನ ಎದೆ ಬಿಟ್ಟುಕೊಂಡು ಕೂತಾಗ ತಾಯಂದಿರು ಬೇರೆ ಕಡೆ ನೋಡಿದರು. ಎರಡನೆಯ ದಿನ ಸಿಸ್ಟರ್ ಒಂದು ಮಡಿಸುವ ಪರದೆ ತಂದು ಅಡ್ಡ ನಿಲ್ಲಿಸಿದರು. ಆಮೇಲೆ ಅಜ್ಜಿ, ನಮಗೇನು ಅಡುಗೆಯಣ್ಣನ ಎದೆ ನೋಡಿ ಆಗಬೇಕಾಗಿದೆ, ಗಾಳಿ ಬರಲಿ ಎಂದು ಅದನ್ನು ಕಾಲಿನಿಂದ ದೂಡಿದರು. ಆವತ್ತಿನಿಂದ ಅವನು ಎಲ್ಲರಿಗೂ ಅಡುಗೆಯಣ್ಣ. ಬಾಗಿಲ ಪಕ್ಕದ ಮಂಚ ಈಗ ಖಾಲಿ. ಅಲ್ಲಿದ್ದ ಮಗುವಿಗೂ ಜ್ವರವಿರಲಿಲ್ಲ. ಅದು ಅಳಲಿಲ್ಲ, ಉಸಿರಿಗೆ ಒದ್ದಾಡಲಿಲ್ಲ, ಯಾರಿಗೂ ತೊಂದರೆ ಕೊಡದೆ ತೀರಿಕೊಂಡಿತು. ಅದರ ತಾಯಿ ಹೋಗುವಾಗ ಹಾಸಿಗೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆಗೆ ಮೂಲೆ ಕೂಡಿಸಿ, ಮಂಚದ ತುದಿಯಲ್ಲಿಟ್ಟು ಹೋದಳು. ಹಾಗೆ ಮಡಿಸಿಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಮಡಿಕೆ ಬಿಚ್ಚುವುದಕ್ಕೆ ಆಯಾಳಿಗೆ ಮನಸ್ಸು ಬಂದಿಲ್ಲವೋ, ಹೊತ್ತು ಸಿಕ್ಕಿಲ್ಲವೋ, ಅದು ಹಾಗೇ ಇತ್ತು. ಎದೆಗೆ ಒರಗಿಸಿಕೊಂಡ ಮಗುವಿನ ತಲೆಯ ಮೇಲಿನಿಂದ ಅವನ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಮೊದಲು ಪುಟ್ಟಿ ದಪ್ಪಗಾಗಿದ್ದಳು. ಅದೇ ಅವನಿಗೆ ತಲೆಗೆ ಹತ್ತದ ವಿಷಯ. ಕೂಸು ಹೊಟ್ಟೆಯಲ್ಲಿದೆ ಎಂದು ತಿಳಿದಾಗ ಹೆಂಡತಿ ಪುಟ್ಟಿಗೆ ಎದೆಹಾಲು ಬಿಡಿಸಿದಳು. ಅವನು ಚಿಂತೆ ಮಾಡಲಿಲ್ಲ. ಕ್ಯಾಂಟೀನಿನಲ್ಲಿ ದೊಡ್ಡ ಪಾತ್ರೆಗಳಲ್ಲಿ ಅನ್ನ ಬಸಿದು ತೆಗೆದ ಗಂಜಿಯನ್ನು ಮೋರಿಗೆ ಚೆಲ್ಲುತ್ತಾರೆ. ಕಲಿಸಿಕೊಟ್ಟ ಹಿರಿಯ ಅಡುಗೆಯವನು, ಸತ್ವವೆಲ್ಲ ಇದರಲ್ಲೇ ಇರೋದು ಕಣೋ, ನಾವು ತಿನ್ನೋದು ಬರೀ ಹಿಪ್ಪೆ ಎನ್ನುತ್ತಿದ್ದ. ಅವನು ದಿನಾ ಒಂದು ಕ್ಯಾನಿನ ತುಂಬ ಆ ಬಿಳಿ ಗಂಜಿ ಮನೆಗೆ ತಂದ. ಉಪ್ಪು ಹಾಕಿ, ಆರಿಸಿ, ತಾನೇ ಕುಡಿಸಿದ. ಮಗು ಗಟಗಟ ಕುಡಿಯುತ್ತಿತ್ತು. ಸ್ವಲ್ಪ ದಿನಕ್ಕೆ ಕೆನ್ನೆ ತುಂಬಿದವು, ಪಾದ ದುಂಡಗಾದವು, ಮೈಯ ಚರ್ಮ ಹೊಳೆಯಿತು. ಪಕ್ಕದ ಮನೆಯವರು, ಅಪ್ಪ ಅಡುಗೆಯವನಾದ್ರೆ ಕೇಳಬೇಕಾ ಎಂದರು. ಆ ಮಾತನ್ನು ಅವನು ಕ್ಯಾಂಟೀನಿಗೆ ಹೋಗಿಯೂ ಹೇಳಿದ. ಆಮೇಲೆ ನಡೆಯುತ್ತಿದ್ದವಳು ಕೂತಳು, ಕೂತವಳು ಮಲಗಿದಳು, ಕಲಿತಿದ್ದ ನಾಲ್ಕು ಮಾತು ಒಂದೊಂದಾಗಿ ಮರೆತಳು. ದಪ್ಪಗಿರುವ ಮಗು ಸೋಮಾರಿ ಎಂದುಕೊಂಡರು. ಇಲ್ಲಿ ಸಿಸ್ಟರ್ ಆ ದುಂಡು ಪಾದವನ್ನು ಹೆಬ್ಬೆರಳಿನಿಂದ ಒತ್ತಿ ತೆಗೆದಾಗ ಒತ್ತಿದ ಗುಳಿ ಹಾಗೇ ಉಳಿಯಿತು. ಕಲಸಿದ ಹಿಟ್ಟಾದರೂ ಮೆಲ್ಲಗೆ ಮೇಲೆ ಬರುತ್ತದೆ, ಇದು ಬರಲಿಲ್ಲ. ನೀರು ಇದು, ಮಾಂಸ ಅಲ್ಲ, ಬರೀ ಗಂಜಿಯಲ್ಲಿ ಮೈ ಬೆಳೆಯಲ್ಲ, ಎಂದರು. ಈಗ ನೀರು ಇಳಿದಿದೆ. ಇಳಿದ ಮೇಲೆ ಅಡಿಯಲ್ಲಿ ಇದ್ದದ್ದು ಇಷ್ಟೇ, ಎದೆಯ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು. ಸೇರಿಸುವಾಗ ಡಾಕ್ಟರು ಕೆಲಸ ಏನು ಎಂದು ಕೇಳಿದ್ದರು. ಅಡುಗೆ, ಎಂದ. ಬರೆಯುತ್ತಿದ್ದ ಅವರ ಪೆನ್ನು ನಿಂತಿತು. ತಲೆ ಎತ್ತಿ ನೋಡುತ್ತಾರೆ ಎಂದು ಅವನು ನೆಲ ನೋಡಿದ. ಅವರು ನೋಡಲಿಲ್ಲ, ಬರೆದುಕೊಂಡರು. ನೋಡಿದ್ದರೆ ಚೆನ್ನಾಗಿತ್ತು.

ಡಾಕ್ಟರು ಹತ್ತು ಗಂಟೆಯ ರೌಂಡಿಗೆ ಬಂದರು. ಅವನಿಗಿಂತ ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಮುಖ, ಮಾತು ಮಾತ್ರ ಮೆತ್ತಗೆ. ಮಗುವಿನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ಕಿಟಕಿಯ ಬೆಳಕಿಗೆ ಹಿಡಿದು, ಇನ್ನೂ ಹಾಗೇ ಇದೆ, ಎಂದು ಸಿಸ್ಟರಿಗೆ ಹೇಳಿದರು. ಅವನು ನೋಡುತ್ತಿದ್ದುದನ್ನು ಕಂಡು ಅದನ್ನು ಅವನ ಕಡೆಗೂ ತಿರುಗಿಸಿದರು. ಇಲ್ಲಿ ಶ್ವಾಸಕೋಶದಲ್ಲಿ ಸೋಂಕಿದೆ ಎಂದು ಒಂದು ಕಡೆ ಬೆರಳಿಟ್ಟರು. ಆಮೇಲೆ ನಡುವೆ, ಎದೆಮೂಳೆಯ ಹಿಂದೆ, ಖಾಲಿ ಇದ್ದ ಜಾಗದಲ್ಲಿ ಬೆರಳಿಟ್ಟರು. ಈ ವಯಸ್ಸಿನ ಮಕ್ಕಳಿಗೆ ಇಲ್ಲೊಂದು ಗ್ರಂಥಿ ಚೆನ್ನಾಗಿ ಕಾಣಬೇಕಂತೆ, ರೋಗದ ಜೊತೆ ಹೊಡೆದಾಡುವ ಕಣಗಳು ಅಲ್ಲೇ ತಯಾರಾಗುವುದಂತೆ. ಊಟವಿಲ್ಲದ ಮೈ ಮೊದಲು ಅದನ್ನೇ ಕರಗಿಸಿಕೊಂಡುಬಿಡುತ್ತದೆ. ಮತ್ತೆ ಬೆಳೆಯುತ್ತಾ ಎಂದು ಅವನು ಕೇಳಿದ. ಬೆಳೆಯುತ್ತೆ, ಮಗು ಉಳಿದರೆ, ಎಂದು ಹೇಳಿ, ಹಾಗೆ ಹೇಳಬಾರದಿತ್ತು ಎಂಬಂತೆ ಎಕ್ಸ್‌ರೇಯನ್ನು ಕವರಿನೊಳಗೆ ಸೇರಿಸಿದರು. ಅವನು ಜ್ವರ ಇಲ್ಲವಲ್ಲ ಮೇಡಂ ಎಂದ. ಹಾಗೆ ಕೇಳುವುದು ಇದು ಎಷ್ಟನೆಯ ಸಲವೋ.

"ಜ್ವರ ಬರೋದಕ್ಕೂ ಮೈಯಲ್ಲಿ ಶಕ್ತಿ ಬೇಕು," ಎಂದರು ಡಾಕ್ಟರು. "ಉರುವಲಿಲ್ಲದೆ ಒಲೆ ಉರಿಯುತ್ತಾ? ಇವಳ ಎದೆಯಲ್ಲಿ ಸೋಂಕಿದೆ, ಆದ್ರೆ ಅದರ ಮೇಲೆ ಏಳೋಕೆ ಮೈಗೆ ಆಗ್ತಿಲ್ಲ. ನಮ್ಮ ಇಂಜೆಕ್ಷನ್ ಅದರ ಕೆಲಸ ಮಾಡ್ತಿದೆ. ಇವಳೂ ತನ್ನ ಕೆಲಸ ಶುರು ಮಾಡ್ಬೇಕು. ಮೈ ಇನ್ನೂ ತಣ್ಣಗಾದ್ರೆ ತಕ್ಷಣ ಸಿಸ್ಟರನ್ನ ಕರೀರಿ."

ಕರೆಯುತ್ತೇನೆ ಎಂದ. ಅದು ಹೇಗೆ ತಿಳಿಯುತ್ತದೆ ಎಂದು ಕೇಳಲಿಲ್ಲ. ಕೇಳಬೇಕೆಂದು ಬಾಯಿ ತೆರೆದಾಗ ಅವರು ಅಜ್ಜಿಯ ಮೊಮ್ಮಗನ ಕಡೆ ತಿರುಗಿಯಾಗಿತ್ತು. ಸಿಸ್ಟರ್ ಥರ್ಮಾಮೀಟರ್ ಇಡಲು ಬರುತ್ತಾರೆ, ಆದರೆ ಅವರಿಗೆ ಇಷ್ಟು ಮಂಚ. ನಡುವಿನ ಹೊತ್ತಿಗೆಲ್ಲ ಇರುವುದು ಅವನ ಕೈ. ಡಾಕ್ಟರು ಹೇಳಿದ್ದನ್ನು ಅವನು ತನಗೆ ಗೊತ್ತಿರುವ ರೀತಿಯಲ್ಲಿ ಅರ್ಥ ಮಾಡಿಕೊಳ್ಳಲು ನೋಡಿದ. ಕಾರ್ಖಾನೆಗೆ ಒಂದು ವರ್ಷ ಆರ್ಡರು ಕಡಿಮೆಯಾದಾಗ ಮೊದಲು ತೆಗೆದದ್ದು ಹಿಂಬಾಗಿಲ ಕಾವಲುಗಾರರನ್ನು. ಅವರಿಲ್ಲದಿದ್ದರೂ ಮೆಷಿನುಗಳು ನಡೆಯುತ್ತವೆ, ಯಾರಿಗೂ ಕೊರತೆ ಕಾಣುವುದಿಲ್ಲ. ಆ ವರ್ಷ ಹಿಂದಿನಿಂದ ಏನೇನು ಹೋಯಿತು ಎಂಬುದು ಬಹಳ ದಿನ ಯಾರ ಗಮನಕ್ಕೂ ಬರಲಿಲ್ಲ, ಕೂಗುವವನೇ ಇರಲಿಲ್ಲವಲ್ಲ. ಅದನ್ನು ಕೆಲಸಗಾರರೆಲ್ಲ ಕ್ಯಾಂಟೀನಿನಲ್ಲಿ ಕೂತು ನಗುತ್ತ ಮಾತಾಡಿದ್ದರು. ಅವನು ಬಡಿಸುತ್ತ ಕೇಳಿಸಿಕೊಂಡಿದ್ದ. ಈಗ ಕಂಬಳಿಯೊಳಗೆ ತನ್ನ ಎದೆಮೂಳೆಗೆ ತಾಗಿಕೊಂಡಿದ್ದ ಮಗುವಿನ ಎದೆಮೂಳೆಯ ಬಗ್ಗೆ ಯೋಚಿಸಿದ. ಮೂಳೆಗೆ ಮೂಳೆ ತಾಗಿ ಸ್ವಲ್ಪ ನೋಯುತ್ತಿತ್ತು. ಅಷ್ಟು ಹತ್ತಿರದಲ್ಲಿ ಒಂದು ಖಾಲಿ ಜಾಗವಿದೆ. ದುಃಖ ಬರಬೇಕು ಎಂದುಕೊಂಡ. ಅದು ಎಲ್ಲೋ ಬಾಗಿಲವರೆಗೆ ಬಂದು, ಒಳಗೆ ಯಾರೂ ಇಲ್ಲವೆಂದು ತಿಳಿದು ಹಿಂದಕ್ಕೆ ಹೋದ ಹಾಗಾಯಿತು. ಪಕ್ಕದಲ್ಲಿ ಅಜ್ಜಿ ಮೊಮ್ಮಗನಿಗೆ, ಮೂಗು ಸೋರಿಸಿಕೊಂಡು ನನ್ನ ಸೀರೆಗೇ ಒರೆಸ್ತೀಯೇನೋ ರಾಜಕುಮಾರ, ಎಂದು ಬೈಯುತ್ತಿದ್ದರು. ಆ ಹುಡುಗನಿಗೆ ಮೂಗು ಸೋರುತ್ತಿತ್ತು. ಅವನು ಆ ಸೋರುವ ಮೂಗನ್ನು ಹೊಟ್ಟೆಕಿಚ್ಚಿನಿಂದ ನೋಡಿದ.

ಮಧ್ಯಾಹ್ನ ಹೆಂಡತಿ ಫೋನು ಮಾಡಿದಳು. ದಿನಾ ಮಾಡುತ್ತಾಳೆ, ಕೂಸು ಮಲಗಿದ ಮೇಲೆ. ಹಾಲು ಕುಡಿದಳಾ, ಎಷ್ಟು ಕುಡಿದಳು, ಕಣ್ಣು ಬಿಟ್ಟಳಾ, ಟೋಪಿ ಹಾಕಿದ್ದೀರಾ. ಆಮೇಲೆ ಕೊನೆಗೆ ಅದೇ. ಒಂದ್ಸಲ ಕೈ ಇಟ್ಟು ನೋಡಿ. ಅವನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಅವಳಿಗೆ ಕಾಣುವುದಿಲ್ಲವೆಂದು ಗೊತ್ತಿದ್ದರೂ, ಟೋಪಿ ಸರಿಸಿ ಕೈ ಇಟ್ಟ. ಏನಿಲ್ಲ, ತಣ್ಣಗಿದೆ, ಎಂದ. ಮಾತು ತಾನಾಗಿ ಬಂತು, ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದ ಹಾಗೇ. ಅವಳು, ಸದ್ಯ, ಎಂದು ಉಸಿರು ಬಿಟ್ಟಳು. ಫೋನಿಟ್ಟ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೆ ಕೇಳಿಸಿತು. ತಣ್ಣಗಿರುವುದು ಒಳ್ಳೆಯದಲ್ಲ ಎಂದು ಇವತ್ತು ಬೆಳಿಗ್ಗೆ ತಿಳಿದುಕೊಂಡವನು, ಕೈಗೆ ಏನೂ ತಿಳಿಯುವುದಿಲ್ಲ ಎಂದು ನಿನ್ನೆಯೇ ತಿಳಿದುಕೊಂಡವನು, ಮತ್ತೆ ಅದನ್ನೇ ಹೇಳಿದ್ದ. ಅವಳಿಗೆ ನಿಜ ಹೇಳಬೇಕೆಂದರೆ ಎಲ್ಲಿಂದ ಶುರು ಮಾಡಬೇಕು. ನನ್ನ ಕೈ ಸತ್ತುಹೋಗಿದೆ ಎಂದರೆ, ಯಾವಾಗಿನಿಂದ ಎಂದು ಕೇಳುತ್ತಾಳೆ. ಯಾವಾಗಿನಿಂದ ಎಂಬುದು ಅವನಿಗೂ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಕೈ ಹಿಡಿದಾಗ ಅದು ಬೆಚ್ಚಗಿತ್ತು ಎಂದು ಅವನಿಗೆ ನೆನಪಿದೆ. ಅದು ನಿಜವಾಗಿ ತಿಳಿದದ್ದೋ, ಬೆಚ್ಚಗಿರಬೇಕು ಎಂದು ತಾನೇ ಅಂದುಕೊಂಡದ್ದೋ, ಈಗ ಹೇಳುವುದು ಕಷ್ಟ.

ಮುಂದಿನ ಹಾಲು ಬರುವವರೆಗೆ ಹೊತ್ತಿತ್ತು. ಅಜ್ಜಿ ತಾವು ತಿನ್ನುತ್ತಿದ್ದ ಬ್ರೆಡ್ಡಿನ ಒಂದು ತುಂಡು ಅವನಿಗೆ ಕೊಟ್ಟರು. ಅದನ್ನು ಹಾಲಿನಲ್ಲಿ ನೆನೆಸಿ ಮಗುವಿನ ಬಾಯಿಗಿಡಬೇಕೆಂದು ಅವನ ಬೆರಳು ತವಕಿಸಿದವು. ಬಂದ ಮೊದಲ ದಿನ ಹಾಗೇ ಮಾಡಿ ಬೈಸಿಕೊಂಡಿದ್ದ. ಹಸಿದ ಮೈಗೆ ಒಮ್ಮೆಲೇ ಹೊರಿಸಿದರೆ ಹೃದಯವೇ ನಿಂತುಹೋಗಬಹುದು, ನಿಮ್ಮ ಪ್ರೀತಿಯೆಲ್ಲ ಕ್ಯಾಂಟೀನಿನಲ್ಲಿ ತೋರಿಸಿ, ಎಂದಿದ್ದರು ಸಿಸ್ಟರ್. ಜೀವಮಾನವಿಡೀ ಅವನಿಗೆ ಬರುತ್ತಿದ್ದ ಕೆಲಸ ಒಂದೇ, ತಟ್ಟೆ ತುಂಬಿಸುವುದು. ಅದೂ ಇಲ್ಲಿ ಬೇಡವಾಗಿತ್ತು. ಬ್ರೆಡ್ಡನ್ನು ತಾನೇ ತಿಂದು, ಮಗುವಿನ ಟೋಪಿಯ ಮೇಲೆ ಉದುರಿದ ಚೂರು ಒರೆಸಿ, ಗೋಡೆಗೆ ತಲೆ ಒರಗಿಸಿದ. ಫ್ಯಾನು ತಿರುಗುತ್ತಿರಲಿಲ್ಲ, ಮಕ್ಕಳಿಗೆ ತಂಪಾಗುತ್ತದೆಂದು ಆರಿಸಿದ್ದರು. ವಾರ್ಡಿನಲ್ಲಿ ಹಾಲಿನ ವಾಸನೆ, ಫಿನಾಯಿಲಿನ ವಾಸನೆ. ಕಣ್ಣು ಮುಚ್ಚಿದಾಗ ಕ್ಯಾಂಟೀನು ಬಂತು. ಮಧ್ಯಾಹ್ನದ ಪಾಳಿಯ ಗಂಟೆ, ಉಗಿಯಲ್ಲಿ ಕಾಣದ ಮುಖಗಳು, ಒಂದರ ಹಿಂದೆ ಒಂದು ಚಾಚುವ ತಟ್ಟೆಗಳು. ಅವನು ಸೌಟಿನಿಂದ ಹಾಕುತ್ತಿದ್ದ, ತಟ್ಟೆ ತುಂಬುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಹೆಂಡತಿ ನಿಂತಿದ್ದಳು, ಕೈಯಲ್ಲಿ ತಟ್ಟೆಯಿರಲಿಲ್ಲ. ಯಾರೋ ದೊಡ್ಡ ಪಾತ್ರೆ ಇಳಿಸಲು ಕೂಗಿದರು. ಅವನು ಬಟ್ಟೆಯಿಲ್ಲದೆ ಎತ್ತಿದ, ಎಲ್ಲರೂ ನೋಡುತ್ತಿದ್ದರು, ಪಾತ್ರೆ ವಾಲಿತು, ಗಂಜಿ ತುಳುಕಿ ಎದೆಯ ಮೇಲೆ ಬಿತ್ತು. ಸುಟ್ಟಿತು. ಸುಟ್ಟಿತು ಎಂದು ಅವನಿಗೆ ಸಂತೋಷವೇ ಆಯಿತು.

ಕಣ್ಣು ಬಿಟ್ಟಾಗ ಬಿಸಿಲು ಎದುರು ಗೋಡೆಗೆ ಹೋಗಿತ್ತು. ಎದೆಯ ಮೇಲಿನ ಬಿಸಿ ಹಾಗೇ ಇತ್ತು. ಕನಸಿನದು ಇನ್ನೂ ಹೋಗಿಲ್ಲ ಎಂದುಕೊಂಡು ಅಲುಗಾಡದೆ ಕೂತ. ಅದು ಹೋಗಲಿಲ್ಲ. ಮಗುವಿನ ಕೆನ್ನೆ ತಾಗಿದ ಜಾಗ, ಹೊಟ್ಟೆ ತಾಗಿದ ಜಾಗ, ಎದೆಗೆ ಎದೆ ತಾಗಿದ ಜಾಗ, ಬೇರೆ ಬೇರೆಯಾಗಿ ಬಿಸಿಯಾಗಿದ್ದವು. ಕಂಬಳಿಯಿಂದ ಸೆಖೆಯಾಗಿರಬೇಕು, ತನಗೇ ಮೈ ಕಾದಿರಬೇಕು ಎಂದು ಲೆಕ್ಕ ಹಾಕಿದ. ಕೈಯನ್ನು ಮೆಲ್ಲಗೆ ಒಳಗೆ ತೂರಿಸಿ ಮಗುವಿನ ಬೆನ್ನ ಮೇಲೆ ಇಟ್ಟ. ಕೈ ಏನೂ ಹೇಳಲಿಲ್ಲ. ಅಂಗೈ ತೆಗೆದು ಮೊಣಕೈಯ ಒಳಭಾಗ ಇಟ್ಟ. ಸುಟ್ಟಂತಾಯಿತು. ಮಗುವಿನ ಉಸಿರು ಅವನ ಕತ್ತಿನ ಕೆಳಗೆ ಬಿಸಿಬಿಸಿಯಾಗಿ, ಬೇಗ ಬೇಗ ಬಡಿಯುತ್ತಿತ್ತು. ಇಷ್ಟು ದಿನ ಅದು ಉಸಿರಾಡುತ್ತಿದೆಯೇ ಎಂದು ಬಗ್ಗಿ ನೋಡಬೇಕಿತ್ತು. ಸಿಸ್ಟರ್, ಎಂದು ಕೂಗಿದ. ದನಿ ಅಷ್ಟು ದೂರ ಹೋಗಲಿಲ್ಲ, ಅಜ್ಜಿ ಕೇಳಿ ತಾವು ಕೂಗಿದರು. ಸಿಸ್ಟರ್ ಬಂದು ಕಂಬಳಿ ಸರಿಸಿ, ಕಂಕುಳಿಗೆ ಥರ್ಮಾಮೀಟರ್ ಸಿಕ್ಕಿಸಿ, ಮಗುವಿನ ತೋಳನ್ನು ಒತ್ತಿ ಹಿಡಿದು ನಿಂತರು. ಅವನು ಅವರ ಮುಖ ನೋಡುತ್ತಿದ್ದ. ಆ ಮುಖದಲ್ಲಿ ಯಾವುದಕ್ಕೆ ಕಾಯಬೇಕೆಂದು ಅವನಿಗೆ ತಿಳಿದಿರಲಿಲ್ಲ. ಅವರು ಥರ್ಮಾಮೀಟರ್ ಬೆಳಕಿಗೆ ತಿರುಗಿಸಿ ನೋಡಿ, ಮತ್ತೊಮ್ಮೆ ಇಟ್ಟು ನೋಡಿ, ಜ್ವರ ಬಂದಿದೆ, ಎಂದರು. ಅಯ್ಯೋ, ಇದೊಂದು ಬಾಕಿಯಿತ್ತು, ಎಂದರು ಅಜ್ಜಿ.

ಡಾಕ್ಟರು ಊಟದ ತಟ್ಟೆ ಬಿಟ್ಟು ಬಂದಿರಬೇಕು, ಕೈ ಒದ್ದೆಯಿತ್ತು. ಬೆನ್ನು ಕೇಳಿದರು, ಎದೆ ಕೇಳಿದರು, ಕಣ್ಣಿಗೆ ಬೆಳಕು ಬಿಟ್ಟರು. ಬೆಳಕು ಬಿದ್ದಾಗ ಮಗು ಮುಖ ಸಿಂಡರಿಸಿತು. ಅದನ್ನು ನೋಡಿ ಅವರು ಮತ್ತೊಮ್ಮೆ ಬೆಳಕು ಬಿಟ್ಟರು, ಅದು ಮತ್ತೆ ಸಿಂಡರಿಸಿ ತಲೆ ಆ ಕಡೆಗೆ ಹೊರಳಿಸಿತು. ಇಂಜೆಕ್ಷನ್ ಮುಂದುವರಿಸಿ, ಹಾಲು ತಪ್ಪಿಸಬೇಡಿ, ಉಸಿರು ನೋಡ್ತಾ ಇರಿ ಎಂದು ಸಿಸ್ಟರಿಗೆ ಒಂದೊಂದೇ ಹೇಳಿದರು. ಅವನ ಕಡೆ ತಿರುಗಿದಾಗ ಅವರ ಮುಖದಲ್ಲಿ ನಗುವೆಂದು ಹೇಳಬಹುದಾದದ್ದು ಏನೂ ಇರಲಿಲ್ಲ, ಆದರೆ ಬೆಳಗಿನ ಮುಖವೂ ಅಲ್ಲ.

"ಗಂಡಾಂತರ ಕಳೀತು ಅಂತ ನಾನು ಹೇಳಲ್ಲ," ಎಂದರು. "ಇನ್ನೂ ಏನು ಬೇಕಾದ್ರೂ ಆಗ್ಬಹುದು. ಆದ್ರೆ ಇಷ್ಟು ದಿನ ನಾವು ಮಾತ್ರ ಹೊಡೆದಾಡ್ತಿದ್ವಿ. ಇವತ್ತು ಇವಳ ಮೈಯೂ ಎದ್ದಿದೆ. ಇವಳಿಗೆ ಇದು ಒಳ್ಳೇ ಜ್ವರ ಅಂತ ಇಟ್ಕೊಳ್ಳಿ."

ಒಳ್ಳೇ ಜ್ವರ, ಎಂದು ಅಜ್ಜಿ ಬಾಯಲ್ಲೇ ಹೇಳಿ ನೋಡಿ, ಈ ಆಸ್ಪತ್ರೆಯಲ್ಲಿ ಎಲ್ಲಾ ತಲೆಕೆಳಗು ಎಂದರು. ಅವನಿಗೂ ಹಾಗೇ ಅನಿಸಿತು. ಸಂತೋಷ ಪಡಬೇಕೆಂದು ಗೊತ್ತಿತ್ತು, ಅದರ ಜಾಗ ಸಿಗಲಿಲ್ಲ. ಸಿಕ್ಕಿದ್ದು ಎದೆಯ ಮೇಲಿನ ಬಿಸಿ ಒಂದೇ. ಅದನ್ನೇ ಹಿಡಿದುಕೊಂಡು ಕೂತ. ಕಾಲು ಜೋಮು ಹಿಡಿದಿತ್ತು, ಬದಲಿಸಲಿಲ್ಲ. ಅಲುಗಿದರೆ ಜ್ವರ ಇಳಿದುಹೋದೀತು ಎಂಬ ಮೂರ್ಖ ಭಯ. ಇಳಿಯಬೇಕಾದ್ದೇ ಅಲ್ಲವೇ ಜ್ವರ ಎಂಬುದು. ಎಲ್ಲ ಅಪ್ಪಂದಿರೂ ಅದು ಇಳಿಯಲಿ ಎನ್ನುತ್ತಾರೆ. ಅವನು ಮಾತ್ರ ಕಂಬಳಿಯ ಅಂಚನ್ನು ಒಳಗೆ ಸಿಕ್ಕಿಸುತ್ತ ಕೂತಿದ್ದ. ಖಾಲಿ ಮಂಚದ ಹತ್ತಿರ ಆಯಾ ಬಂದು, ಆ ಮಡಿಸಿಟ್ಟ ಬಟ್ಟೆಯನ್ನು ಎತ್ತಿಕೊಂಡು, ಬೇರೆ ಹಾಸಿ ಹೋದಳು.

ಸಂಜೆ ಫೋನು ಬಂತು. ಅವಳು ಎಂದಿನಂತೆ ಹಾಲಿನಿಂದ ಶುರು ಮಾಡಿದಳು. ಅವನು ನಡುವೆಯೇ, ಜ್ವರ ಬಂದಿದೆ ಕಣೆ, ಎಂದ. ಡಾಕ್ಟರು ಹೇಳಿದ್ದನ್ನು ಹೇಳಿದ, ಗಂಡಾಂತರದ್ದನ್ನೂ ಬಿಡದೆ. ಒಳ್ಳೆಯದು ಎಂಬ ಮಾತು ಬಂದಾಗ ಅವನ ನಾಲಿಗೆ ತಡವರಿಸಿತು. ಅವಳು ಅದನ್ನು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಕೈ ಇಟ್ಟು ನೋಡಿದ್ರಾ?" ಎಂದಳು. "ತುಂಬಾ ಇದೆಯಾ?"

"ನನ್ನ ಕೈಗೆ ಬಿಸಿ ಗೊತ್ತಾಗಲ್ಲ ಕಣೆ," ಎಂದ. "ಮನೇಲಿದ್ದಾಗ್ಲೂ ಗೊತ್ತಾಗ್ತಿರ್ಲಿಲ್ಲ. ಮಧ್ಯಾಹ್ನ ನಿಂಗೆ ಹೇಳಿದ್ದೂ ಸುಮ್ನೆ. ಈಗ ಎದೆ ಮೇಲಿದ್ದಾಳೆ, ಅದಕ್ಕೆ ಗೊತ್ತಾಯ್ತು."

ಅವಳ ಕಡೆ ಕೂಸು ಹಾಲು ಚೀಪುವ ಸದ್ದು ಕೇಳುತ್ತಿತ್ತು.

"ನಂಗೆ ಗೊತ್ತಿತ್ತು ಅನ್ಸುತ್ತೆ," ಎಂದಳು ಕೊನೆಗೆ, ಬೈಯುವ ದನಿಯಲ್ಲ, ಅಳುವ ದನಿಯೂ ಅಲ್ಲ. "ಒಲೆ ಮೇಲಿನ ಪಾತ್ರೆ ಬರಿಗೈಲಿ ಇಳಿಸ್ತಿದ್ರಲ್ಲ, ದಿನಾ ನೋಡ್ತಿದ್ದೆ. ಆದ್ರೂ ನಿಮ್ಮನ್ನೇ ಕೇಳ್ತಿದ್ದೆ. ಏನಿಲ್ಲ ಅಂತ ನೀವು ಹೇಳಿದ್ರೆ ಆವತ್ತು ಮಲಗ್ಬಹುದಾಗಿತ್ತು."

ಜೋಮು ಹಿಡಿದ ಕಾಲನ್ನು ಕೊನೆಗೂ ಸ್ವಲ್ಪ ಚಾಚಿದ. ಆ ಅಲುಗಾಟಕ್ಕೆ ಕಂಬಳಿಯೊಳಗೆ ಮಗು ಬಿಗಿಯಾಯಿತು. ಕಾಲೊಂದು ಅವನ ಹೊಟ್ಟೆಗೆ ತಿವಿಯಿತು. ಆಮೇಲೆ ಬಾಯಿ ತೆರೆದು, ಸದ್ದಿಲ್ಲದೆ ಒಂದು ಕ್ಷಣ ಹಾಗೇ ಇದ್ದು, ಇಲ್ಲಿಗೆ ಬಂದ ಮೇಲೆ ಮೊದಲ ಸಲ ಅಳಲು ಶುರು ಮಾಡಿತು. ಮೊದಲು ಬಾಗಿಲು ಕಿರುಗುಟ್ಟಿದ ಹಾಗೆ ಸಣ್ಣಗೆ, ಆಮೇಲೆ ಸಿಟ್ಟಿನಿಂದ, ಉಸಿರು ಸಾಲದೆ ಬಿಟ್ಟು ಬಿಟ್ಟು. ಎದುರು ಮಂಚದವರು ತಲೆ ಎತ್ತಿದರು. ಸಿಸ್ಟರ್ ಟ್ರಾಲಿ ನಿಲ್ಲಿಸಿ ನೋಡಿದರು.

"ಯಾರದು ಅಷ್ಟು ಅಳ್ತಿರೋದು?" ಎಂದಳು ಹೆಂಡತಿ. "ಪಕ್ಕದ ಮಂಚದ ಮಗುವಾ?"

"ಅಲ್ಲ," ಎಂದ. "ನಮ್ದೇ."

ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದ. ಪಾಪ, ಸಮಾಧಾನ ಮಾಡಪ್ಪಾ, ಎಂದರು ಅಜ್ಜಿ. ಅವನು ಸಮಾಧಾನ ಮಾಡಲಿಲ್ಲ.